ಇಪ್ಪತ್ತು ಅಕ್ಷರದ ಕೋಣೆ

ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ
ಜಾಲರಿಯ ತೂತಿಗೆ ಅಳತೆ ಮೊದಲೇ ಇದೆ:
ಬೀಜ ಬೀಳುವ ಮುಂಚೆಯೇ ತಗಡಿಗೆ ಗೊತ್ತು
ಎ ಯಾವುದು, ಬಿ ಯಾವುದು, ಯಾವುದು ಬರೀ ಚೂರು.

ಬಿದ್ದಪ್ಪನವರು ಕೋಬಾಲ್ ಬರೆದದ್ದೂ ಹಾಗೆಯೇ,
ಎಂಬತ್ತನಾಲ್ಕರಲ್ಲಿ, ಮೊದಲು ಪೆನ್ಸಿಲಿನಲ್ಲಿ:
ತೂಕಕ್ಕೆ ಐದಂಕಿ, ಚುಕ್ಕೆಯಾಚೆ ಎರಡು.
ಹೆಸರಿಗೆ ಇಪ್ಪತ್ತಕ್ಷರ. ಮುಗಿಯಿತು.
ಅಂಕಿಯ ಮನೆಗೆ ಅಕ್ಷರ ಬಂದರೆ
ಬಾಗಿಲಲ್ಲೇ ತಡೆದು ಕೇಳುತ್ತಿತ್ತು, ನೀನ್ಯಾರು?

ನಲವತ್ತು ವರ್ಷ ಒಂದು ಪೈಸೆ ತಪ್ಪಲಿಲ್ಲ ಅನ್ನುತ್ತಾರೆ.
ತಪ್ಪಿದ್ದು ಪೈಸೆಯಲ್ಲ.
ಬಾಳೆಕುಟ್ಟಿರ ಪಳಂಗಪ್ಪ ಸೀತವ್ವ
ಇಂಗ್ಲಿಷಿನಲ್ಲಿ ಹೊಡೆದರೆ ಇಪ್ಪತ್ತಕ್ಕೆ ಕತ್ತರಿ:
ಬಾಳೆಕುಟ್ಟಿರ ಪಳಂಗಪ್.
ಕಾಫಿ ಕೊಯ್ಯಿಸಿದವಳು, ಒಣಗಿಸಿದವಳು, ಜೀಪಿನಲ್ಲಿ ತಂದವಳು
ಕೋಣೆಯ ಹೊರಗೆ;
ಚೆಕ್ಕು ತೀರಿಹೋದ ಗಂಡನಿಗೆ,
ಅವನಿಗೂ ಪೂರ್ತಿಯಲ್ಲ.

ಅದೇ ಹಳೆಯ ಭಾಷೆಗೆ ಹೊಸ ಕಿಟಕಿ ಕೊರೆಯಲು ಕೂತಾಗ
ವಿರಾಜಪೇಟೆಯಿಂದ ಬಸ್ಸಿಗೆ ಬರುವ ಸಫೂರಾ ಅಂದಳು:
ಕೋಣೆ ಯಾಕಕ್ಕಾ, ಪೆಟ್ಟಿಗೆ ತೆರೆದೇ ಇರಲಿ,
ಬಂದದ್ದು ಬರಲಿ, ಬಂದಾಗ ನೋಡಿದರಾಯಿತು.
ನಮ್ಮ ಟೇಸ್ಟರ್ ಕಪ್ಪಿಗೆ ಮೊದಲೇ ಹೆಸರಿಡುತ್ತಾರಾ?
ಹೀರಿ, ಉಗುಳಿ, ಆಮೇಲೆ ತಾನೇ ಹೇಳುವುದು?

ತೆರೆದಿಟ್ಟೆವು.
ಸೀತವ್ವ ಒಳಗೆ ಬಂದಳು, ಪೂರಾ ಉದ್ದಕ್ಕೆ.
ಮೂರನೆಯ ದಿನ
ಐವತ್ತು ಕಿಲೋದ ಚೀಲಕ್ಕೆ ಐವತ್ತು ಕಿಲೋದ ಚೀಲ ಕೂಡಿಸಿದರೆ
ಐದು ಸಾವಿರದ ಐವತ್ತು.
ನೀವು ಅಂಕಿಗಳೆಂದು ಯಾರೂ ಹೇಳಿರಲಿಲ್ಲ ಅವಕ್ಕೆ;
ಅಕ್ಷರಗಳ ಹಾಗೆ ಪಕ್ಕಪಕ್ಕ ಕೂತುಬಿಟ್ಟಿದ್ದವು,
ಮದುವೆ ಪಂಕ್ತಿಯಲ್ಲಿ ನೆಂಟರಂತೆ.
ವೇಬ್ರಿಜ್ಜಿನ ಮೊಣ್ಣ ಚೀಟಿ ಹಿಡಿದು ಓಡಿಬಂದ:
ಈ ಜೀಪು ಐದು ಟನ್ ಹೊತ್ತಿತೇ?

ಬಿದ್ದಪ್ಪನವರು ಫೋನಿನಲ್ಲಿ ಏನೂ ಅನ್ನಲಿಲ್ಲ.
ಅನ್ನದಿದ್ದುದೇ ಹೆಚ್ಚಾಯಿತು.

ಈಗ ತೂಕಕ್ಕೆ ಮತ್ತೆ ಐದಂಕಿ, ಚುಕ್ಕೆಯಾಚೆ ಎರಡು.
ಹೆಸರಿಗೆ ಬೇಲಿಯಿಲ್ಲ.
ತೇವಾಂಶದ ಕಾಲಮ್ಮಿನ ಬಗ್ಗೆ
ನನಗೂ ಅವಳಿಗೂ ಇನ್ನೂ ಜಗಳ.

ಸಂಜೆ, ಜಾಲರಿಯ ಅದುರು ನಿಂತ ಮೇಲೆ
ತಗಡಿನ ಅಂಚಿನಲ್ಲಿ ಒಂದು ಪೀಬೆರಿ,
ಎರಡಾಗಬೇಕಿದ್ದು ಒಂದೇ ಆಗಿ ಬೆಳೆದದ್ದು,
ಗುಂಡಗೆ ಉರುಳುತ್ತಿತ್ತು.
ಅದಕ್ಕೂ ಇಲ್ಲಿ ಒಂದು ಹೆಸರಿದೆ, ಬೇರೆಯೇ ಚೀಲವಿದೆ.
ಎಂದೋ ಯಾರೋ ಅದನ್ನು ಕೈಯಲ್ಲಿ ಹಿಡಿದು ನೋಡಿ
ಹೊಸ ತೂತು ಹೊಡೆಸಿರಬೇಕು.