ಹದಿನಾಲ್ಕು ಮಿಲಿಮೀಟರು

ಮನೆ ಕಟ್ಟಿ ನೋಡು ಅಂದರು ಹಿಂದಿನವರು.
ಸಾಗಿಸಿ ನೋಡು ಅಂದವರಿಲ್ಲ.

ಚಾಕಣದ ಶೆಡ್ಡಿನಿಂದ ಹೊರಟದ್ದು ಎರಡು ತುಂಡು.
ಮೊದಲನೆಯದರಲ್ಲಿ ಅಡುಗೆಮನೆ, ಬಚ್ಚಲು, ಅರ್ಧ ನಡುಮನೆ;
ಎರಡನೆಯದರಲ್ಲಿ ಮಲಗುವ ಕೋಣೆ, ಉಳಿದರ್ಧ.
ಕೊಯ್ದ ಮಗ್ಗುಲಿಗೆ ಬಿಗಿದ ನೀಲಿ ತಾಡಪಾಲು
ಕರಾಡ, ಕೊಲ್ಹಾಪುರ ದಾಟಿ ಘಟ್ಟ ಇಳಿಯುವವರೆಗೂ
ಪಟಪಟ ಮಾತಾಡುತ್ತಲೇ ಬಂತು.
ಹಿಂದಿನ ಪಿಕಪ್ಪಿನಲ್ಲಿ ನಾನು,
ಮಡಿಲಲ್ಲಿ ಬೋಲ್ಟಿನ ಚೀಲ.
ಬಲ್ಬು ಸಿಕ್ಕಿಸಿಯೇ ಕಳಿಸಿದ್ದ ಮನೆ,
ನಲ್ಲಿ ಕೂಡಿಸಿದ್ದ ಮನೆ.
ನಿಪ್ಪಾಣಿ ಹತ್ತಿರ ಒಬ್ಬ ಹುಡುಗ ಸೈಕಲ್ಲು ನಿಲ್ಲಿಸಿ
ಅದರ ಕಿಟಕಿಗೆ ಕೈಬೀಸಿದ,
ಒಳಗೆ ಯಾರೋ ಇದ್ದಾರೆಂದು.

ಕುಡ್ತರಿಯ ಕೆರೆ ಕಳೆದ ಮೇಲೆ ರಸ್ತೆ ಸಣ್ಣಗಾಯಿತು.
ಮನೆ ಹತ್ತೂವರೆ ಅಡಿ, ರಸ್ತೆ ಹನ್ನೊಂದು,
ಉಳಿದ ಅರ್ಧ ಅಡಿಯಲ್ಲಿ ಒಂದು ನಾಯಿ ಮಲಗಿತ್ತು.
ಕರೆಂಟಿನವರು ಕೋಲಿನಿಂದ ತಂತಿ ಎತ್ತಿ ಹಿಡಿದರು,
ಮದುಮಗಳು ಬರುವಾಗ ಪರದೆ ಎತ್ತಿದ ಹಾಗೆ.
ಕ್ರೇನಿನ ದಸ್ತಗೀರ ಮುಧೋಳದವನು.
ನನ್ನ ಬೈಗುಳ ಕೇಳಿ, "ಅಕ್ಕಾ, ನಮ್ಮ ಕಡೀ ಮಾತು!" ಅಂದ.
"ಅಕ್ಕಲಕೋಟಿ," ಅಂದೆ. "ಮೊದಲ ಕೊಕ್ಕಿ ನೋಡು."

ಪಾಯ ಕಟ್ಟಿಟ್ಟಿದ್ದ ಕಾಯ್ತಾನ್ ಮೇಸ್ತ್ರಿ:
ಕೆಂಪು ಜಂಬಿಟ್ಟಿಗೆ, ದಾರ, ತೂಗುಗುಂಡು, ಬೀಡಿ.
ನನ್ನ ಹತ್ತಿರ ಲೇಸರು.

ಒಂದನೇ ತುಂಡು ಇಳಿಯಿತು, ಕೂತಿತು.
ಎರಡನೆಯದು ಇಳಿಯಿತು.
ಕೂರಲಿಲ್ಲ.
ಒಂದೇ ಆಗಬೇಕಿದ್ದ ನೆಲದಲ್ಲಿ
ಕಿರುಬೆರಳ ದಪ್ಪ ಒಂದು ಮೆಟ್ಟಿಲು.

ಪಾಯ ತಪ್ಪು, ಅಂದೆ ಮರಾಠಿಯಲ್ಲಿ.
ಫ್ಯಾಕ್ಟರಿ ತಪ್ಪು, ಅಂದ ಅವ ಕೊಂಕಣಿಯಲ್ಲಿ.
ದಸ್ತಗೀರ ಕನ್ನಡದಲ್ಲಿ ಇಬ್ಬರಿಗೂ ಚಹಾ ಹೇಳಿದ.
ಮಾವಿನ ಕೆಳಗೆ ಕುರ್ಚಿ ಹಾಕಿ ಕೂತಿದ್ದ ಲುರ್ದೀನಬಾಯಿ,
ಮೂವತ್ತು ವರ್ಷ ಕುವೈತಿನಲ್ಲಿ ನರ್ಸಾಗಿದ್ದವಳು,
"ಎಲುಬು ಕೂಡಿಸುವಾಗ ಡಾಕ್ಟರುಗಳೂ
ಹೀಗೇ ಕಚ್ಚಾಡುತ್ತಿದ್ದರು" ಅಂದಳು,
ತನ್ನ ಮನೆ ಅಲ್ಲವೇ ಅಲ್ಲ ಎಂಬಂತೆ.

ಕಾಯ್ತಾನ್ ಉದ್ದದೊಂದು ಬಿಳಿ ಪೈಪು ತಂದ,
ಬಾಯಿಂದೆಳೆದು ನೀರು ತುಂಬಿದ,
ಒಂದು ತುದಿ ನನ್ನ ಕೈಗಿಟ್ಟ.
ಗುಳ್ಳೆ ಹೋಗಲೆಂದು ಇಬ್ಬರೂ ಉಸಿರು ಹಿಡಿದು ಕಾದೆವು.
ನೀರು ತೂಗಾಡಿತು, ನಿಂತಿತು,
ಕಲ್ಲಿನ ಅಂಚಿಗೆ ಗೆರೆ ಕೊಯ್ದ ಹಾಗೆ.

ಪಾಯ ಸರಿ ಇತ್ತು.
ಅವ ಏನೂ ಹೇಳಲಿಲ್ಲ. ಅದೇ ಹೆಚ್ಚು ಉರಿಯಿತು ನನಗೆ.
ಘಟ್ಟದ ಯಾವುದೋ ತಿರುವಿನಲ್ಲಿ
ಮನೆ ಸೊಂಟ ಉಳುಕಿಸಿಕೊಂಡಿತ್ತು.

ಚೀಲ ಸುರಿದೆ. ಉಕ್ಕಿನ ತಗಡು:
ಐದರವು ಎರಡು, ಮೂರರದ್ದು ಒಂದು.
ಹದಿಮೂರು.
ಮಡಗಾಂವಿನ ಅಂಗಡಿಗಳೆಲ್ಲ ಮಧ್ಯಾಹ್ನದ ನಿದ್ದೆಗೆ
ಶಟರು ಎಳೆದ ಹೊತ್ತು;
ಕ್ರೇನಿಗೆ ಗಂಟೆಗೆ ಮೂರು ಸಾವಿರ.
ಊಟದ ಡಬ್ಬಿಯ ಮುಚ್ಚಳ ಅಳೆದೆ: ಅರ್ಧ ಮಿಲಿಮೀಟರು.
ಮದುವೆಯಲ್ಲಿ ಸೋದರಮಾವ ಹೆಸರು ಕೊರೆಸಿ ಕೊಟ್ಟದ್ದು.
ಮಡಚಿದೆ, ಕಲ್ಲಿನ ಮೇಲಿಟ್ಟು ಬಡಿದೆ,
ಹೆಸರು ಒಳಮುಖವಾಯಿತು.
ಈಗ ಒಂದು.

ದಸ್ತಗೀರ ಕೂದಲೆಳೆಯಷ್ಟು ಎತ್ತಿದ.
ಕಾಯ್ತಾನ್ ನೆಲಕ್ಕೆ ಕೆನ್ನೆ ಹಚ್ಚಿ ತೂರಿಸಿದ.
ಇಳಿಸು, ಇಳಿಸು, ಸಾಕು.
ಮೂವತ್ತಾರು ಬೋಲ್ಟು ಒಂದೊಂದಾಗಿ ಕಚ್ಚಿದವು.

ಲುರ್ದೀನಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು.
ಗೋಡೆಗೆ ಗೆಣ್ಣಿನಿಂದ ಬಡಿದು, "ಡಬ್ಬಿ" ಅಂದಳು.
ಶಿಲುಬೆಗೆ ಮೊಳೆ ಎಲ್ಲಿ ಹೊಡೆಯಲಿ ಎಂದು ಕೇಳಿದಳು.
ಮೊಳೆ ನಿಲ್ಲದು, ಸ್ಕ್ರೂ ಹಾಕಬೇಕು, ಅಂದೆ.
ಕಣ್ಣು ಮುಚ್ಚಿ ನಡುಮನೆಯುದ್ದ ಬರಿಗಾಲಲ್ಲಿ ನಡೆದಳು,
ಮತ್ತೆ ತಿರುಗಿ ನಡೆದಳು, ಬೆಸುಗೆ ಹುಡುಕುತ್ತ.
ನಾನು ಕಾಯ್ತಾನನ ಮುಖ ನೋಡಲಿಲ್ಲ.
ಅವನೂ ನನ್ನದು.

ರಾತ್ರಿ ಬಸ್ಸಿನಲ್ಲಿ ಡಬ್ಬಿ ಬಾಯಿ ತೆರೆದೇ ಇತ್ತು.
ಅವಳು ತುಂಬಿಸಿಕೊಟ್ಟ ಮೀನಿನ ಸಾರು,
ಕಂಠಮಟ್ಟ.
ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು
ಸಾವಂತವಾಡಿಯವರೆಗೂ
ತಿರುವು ತಿರುವಿಗೆ ಮಟ್ಟ ನೋಡುತ್ತ ಕೂತೆ.