ಹದಿನಾಲ್ಕನೇ ನಂಬರು

ಟೊಲೀಡೊ ಊರಿನ ಪೂರ್ವಕ್ಕೆ, ವೇಕ್‌ಮನ್ ಬೀದಿಯಲ್ಲಿ
ಕಾರು ನಿಲ್ಲಿಸಿ ಇಳಿಯುತ್ತೇನೆ: ಒಂದು ಟೇಪು, ಒಂದು ಫಾರಂ.
ಮನೆಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು.
ಹದಿನೇಳು ವರ್ಷ ಅವರಿವರ ಅಡುಗೆಮನೆಯಲ್ಲಿ ನಿಂತು
ಅವರು ಬಗ್ಗಿಸಿಕೊಟ್ಟ ಕಾಫಿ ಬೇಡವೆಂದಿದ್ದೇನೆ.

ಹನ್ನೆರಡನೇ ನಂಬರು. ಅರ್ನೆಸ್ಟೀನ್ ಪೆಟ್ವೇ,
ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದಾಕೆ,
ಬಾಗಿಲಲ್ಲೇ ಪಟ್ಟಿ ಒಪ್ಪಿಸುತ್ತಾಳೆ:
ಹೊಸ ಸೂರು. ಹೊಸ ಬಾಯ್ಲರು. ಕಿಟಕಿಗೆ ಎರಡು ಪದರ ಗಾಜು,
"ಈ ಊರಿನದೇ ಗಾಜು" ಅನ್ನುತ್ತಾಳೆ,
ತಾನೇ ಕಾಯಿಸಿ ಎರೆದವಳ ಹಾಗೆ.
ಬರೆದುಕೊಳ್ಳುತ್ತೇನೆ.
ಬರೆಯುವಾಗಲೇ ಕಣ್ಣು ಪಕ್ಕಕ್ಕೆ ಜಾರುತ್ತದೆ.

ಹದಿನಾಲ್ಕು.
ಹ್ರೂಷ್ಕಾ ಸಂಸಾರ ಇದ್ದ ಮನೆ.
ಕಾರ್ಖಾನೆಯಲ್ಲಿ ಪಾಳಿ ನಿಂತಿತು, ಬ್ಯಾಂಕಿಗೆ ಕಂತು ನಿಂತಿತು,
ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಾಗಿಲಿಗೆ ಕಿತ್ತಳೆ ಬಣ್ಣದ ಕಾಗದ.
ತಾಮ್ರದ ಪೈಪು ಮೊದಲು ಹೋಯಿತು, ಆಮೇಲೆ ನಲ್ಲಿಗಳು.
ಉಳಿದದ್ದು ಬೌಲಿಂಗಿನಲ್ಲಿ ಗೆದ್ದ ಒಂಬತ್ತು ಕಪ್ಪು;
ಕಳ್ಳರೂ ಮುಟ್ಟಲಿಲ್ಲ, ಹಿತ್ತಾಳೆಯಲ್ಲವೆಂದು ತಿಳಿದಿತ್ತು.
ಹಳೆಯ ಕಾರೊಂದರ ಬೆಲೆಗೆ ಹರಾಜಾಯಿತು,
ಈ ಬೀದಿಯನ್ನು ಕಣ್ಣಿಂದ ಕಾಣದ ನೆವಾಡಾದ ಕಂಪನಿಯೊಂದಕ್ಕೆ.

ಫಾರಂ ಕೇಳುವುದು ಇಷ್ಟೇ:
ಇದರಂಥ ಮೂರು ಮನೆ,
ಅರ್ಧ ಮೈಲಿಯೊಳಗೆ, ಆರು ತಿಂಗಳೊಳಗೆ ಮಾರಿದ್ದು.
ಒಂದು ಹದಿನಾಲ್ಕು.
ಇನ್ನೊಂದು ತಿರುವಿನಾಚೆ, ಕಿಟಕಿಗೆ ಹಲಗೆ ಬಡಿದದ್ದು.
ಮೂರನೆಯದಕ್ಕೆ ಒಳ್ಳೆಯದೊಂದನ್ನು ಹುಡುಕುತ್ತೇನೆ,
ಒಳ್ಳೆಯ ಮನೆಯವರು ಯಾರೂ ಮಾರಿಲ್ಲ,
ಕಾಲ ಸರಿಯಿಲ್ಲವೆಂದು ಹಲ್ಲು ಕಚ್ಚಿ ಕೂತಿದ್ದಾರೆ.
ಕೂತವರ ಮನೆಗೆ ಲೆಕ್ಕದಲ್ಲಿ ಬಾಯಿಲ್ಲ.

ಸಹವಾಸದೋಷ ಮನುಷ್ಯರಿಗಷ್ಟೇ ಅಂದುಕೊಂಡಿದ್ದೆ.
ಗೋಡೆಗಳಿಗೂ ಇದೆ.

ಅರವತ್ತೆಂಟು ಸಾವಿರ ಬರಬಹುದೆಂದು ಆಕೆಯ ಅಂದಾಜು.
ನನ್ನ ಅಂಕಿ ನಲವತ್ತೊಂದು.
ಸಾಲ ಉಳಿದಿರುವುದು ಐವತ್ತೆರಡು.
ನಡುವಿನ ಹನ್ನೊಂದು ಸಾವಿರ ಡಾಲರನ್ನು ಯಾರೂ ಕದ್ದಿಲ್ಲ,
ಪೊಲೀಸರಿಗೆ ಹೇಳುವಂತಿಲ್ಲ,
ಮನೆಯಿಂದ ಒಂದು ಮೊಳೆ ಕೂಡ ಬಿದ್ದಿಲ್ಲ.
ನಾಳೆ ಈಕೆಯೂ ಕೈಚೆಲ್ಲಿದರೆ
ಹತ್ತನೇ ನಂಬರಿನವರ ಫಾರಮ್ಮಿನಲ್ಲಿ
ಮೊದಲ ಸಾಲಿನಲ್ಲಿ ಈ ಹೊಸ ಸೂರನ್ನೇ ಬರೆಯಬೇಕು. ನಾನೇ.

ನೆರೆ ಅಂದರೆ ಪಕ್ಕದವರು,
ನೆರೆ ಅಂದರೆ ದಡ ಮೀರಿದ ಹೊಳೆ.
ಇಲ್ಲಿ ಅದು ಹುಲ್ಲಾಗಿ ಏರುತ್ತದೆ, ಮೊಣಕಾಲಿಗೆ, ಸೊಂಟಕ್ಕೆ.
ಆದರೆ ಹದಿನಾಲ್ಕರ ಅಂಗಳದಲ್ಲಿ
ಹುಲ್ಲು ಏರಿಲ್ಲ!
ಹನ್ನೆರಡರ ಹಾಗೆಯೇ ಕತ್ತರಿಸಿದೆ, ಅದೇ ಓರೆ ಗೆರೆ.
ಮುಂದಿನ ಕಿಟಕಿಗೆ ಯಾರದೋ ಹಳೆಯ ಪರದೆ.
ಬೇಲಿಯ ಕೆಳಗೆ ನುಸುಳಿ ಹೋದ ಒಂದು ಹಳದಿ ವೈರು.

ವೈರಿನ ಗುಂಟ ನಡೆದು ನೋಡಿದೆ:
ಈ ಕಡೆ ಆಕೆಯ ಪ್ಲಗ್ಗು, ಆ ಕಡೆ ಒಂದು ದೀಪ,
ನಡುವೆ ಗಡಿಯಾರದ ಸ್ವಿಚ್ಚು.
ಆರಕ್ಕೆ ಹೊತ್ತಿ ಹತ್ತಕ್ಕೆ ಆರುವ ದೀಪ.

"ಕಾನೂನಿನಲ್ಲಿ ಇದು ತಪ್ಪು" ಅಂದೆ.
"ಗೊತ್ತು" ಅಂದಳು.
"ಕೊನೇ ಟ್ರಿಪ್ಪಿನಲ್ಲಿ ಒಬ್ಬರೂ ಇಲ್ಲದಿದ್ದರೂ
ನಾನು ಬಸ್ಸಿನೊಳಗಿನ ದೀಪ ಆರಿಸುತ್ತಿರಲಿಲ್ಲ.
ಮುಂದಿನ ಸ್ಟಾಪಿನಲ್ಲಿ ಯಾರೋ ಚಳಿಯಲ್ಲಿ ನಿಂತಿರುತ್ತಾರೆ,
ದೂರದಿಂದಲೇ ಕಾಣಬೇಕು ಅವರಿಗೆ."

ಹುಲ್ಲು ಕತ್ತರಿಸಿದ ಶನಿವಾರಗಳಿಗೆ
ಫಾರಮ್ಮಿನಲ್ಲಿ ಜಾಗವಿಲ್ಲ.
ಎಷ್ಟು ಕೋಣೆ, ಎಷ್ಟು ಬಚ್ಚಲು, ಎಷ್ಟು ಚದರಡಿ.
ಷರಾ ಎಂಬ ಎರಡು ಸಾಲಿದೆ, ಅದನ್ನು ಯಾರೂ ಓದುವುದಿಲ್ಲ.

ಹದಿನಾಲ್ಕರ ಫೋಟೋ ಲಗತ್ತಿಸಬೇಕು, ನಿಯಮ.
ಗಂಟೆ ನಾಲ್ಕೂವರೆ, ಬೆಳಕು ಚೆನ್ನಾಗಿಯೇ ಇತ್ತು.
ಕಾರಿನಲ್ಲಿ ಹೀಟರು ಹಾಕಿಕೊಂಡು ಕೂತೆ.
ಸರೋವರದ ಕಡೆಯಿಂದ ಗಾಳಿ ಎದ್ದಿತು, ಬೀದಿ ಮಬ್ಬಾಯಿತು,
ಆರಾಯಿತು.
ಆಗ ತೆಗೆದೆ.

ಅಂಕಿ ಅದೇ, ನಲವತ್ತೊಂದು.
ಫೋಟೋದಲ್ಲಿ ಮಾತ್ರ
ಆ ಮನೆಯಲ್ಲಿ ಯಾರೋ ಊಟಕ್ಕೆ ಕೂತ ಹಾಗಿದೆ.