ಅರವತ್ತೊಂದನೆಯ ಹಲ್ಲು

ಗಾಳಿಯೂ ಬೀಸುತ್ತದೆ, ಕಲ್ಲೂ ಬೀಸುತ್ತದೆ.
ನಡುವಿನದೆಲ್ಲ ಹಲ್ಲಿನ ಕೆಲಸ.

ಫ್ರೀಸ್‌ಲ್ಯಾಂಡಿನ ಈ ಗಾಳಿಗಿರಣಿಗೆ
ಶನಿವಾರ ಬರುತ್ತೇನೆ. ವಾರವೆಲ್ಲ
ಕಡಲೊಳಗಿನ ಟರ್ಬೈನುಗಳ ಗೇರುಪೆಟ್ಟಿಗೆ ನನ್ನ ಪಾಲು.
ತಳದ ಬಿರಟೆ ಬಿಚ್ಚಿದರೆ ಅದರ ಅಯಸ್ಕಾಂತದ ಮೇಲೆ
ಉಕ್ಕಿನ ಹುಡಿ
ಸಿಟ್ಟಾದ ಬೆಕ್ಕಿನ ರೋಮದಂತೆ ನಿಮಿರಿರುತ್ತದೆ.
ಬೆರಳಲ್ಲಿ ತೀಡಿ ನೋಡಿ ಹೇಳುತ್ತೇನೆ:
ಇನ್ನೆರಡು ಚಳಿಗಾಲ, ಹೆಚ್ಚೆಂದರೆ ಮೂರು.

ಬೌಕ್ಯೆಗೆ ಅಯಸ್ಕಾಂತವಿಲ್ಲ, ಮೂಗಿದೆ.
ರೆಕ್ಕೆಯ ಅಚ್ಚು ಕೂತ ಕಲ್ಲಿಗೆ ಹಂದಿಕೊಬ್ಬು ಮೆತ್ತಿ
ಕೆಳಗಿಳಿದು ಹಿಟ್ಟಿನ ಚೀಲ ಹೊಲಿಯುತ್ತಿರುತ್ತಾಳೆ.
ಮೇಲಿಂದ ಹುರಿದ ವಾಸನೆ ಬಂತೋ
ಎಪ್ಪತ್ತೆರಡರ ಮಂಡಿ ಕಟಕಟಿಸುತ್ತ ಏಣಿ ಹತ್ತುತ್ತಾಳೆ.
'ಆ ಮಂಡಿಗೂ ಒಂದಿಷ್ಟು ಹಚ್ಚಬಾರದೆ?'
'ಒಳಗಿನ ಕೀಲಿಗೆ ಹೊರಗಿನ ಎಣ್ಣೆ ಇಳಿಯೋದಿಲ್ಲ ಹುಡುಗಾ.'

'ನಮ್ಮಲ್ಲಿ ಹಲ್ಲಿಗೆ ಹಲ್ಲು ತಾಗುವುದೇ ಇಲ್ಲ' ಎಂದೆ ಒಮ್ಮೆ,
'ನಡುವೆ ಎಣ್ಣೆಯ ಪೊರೆ, ಕೂದಲನ್ನು ನೂರು ಸೀಳಿದಷ್ಟು.'
'ತಾಗದೆಯೇ ತಳ್ಳುತ್ತವೆಯೆ?' ಎಂದಳು,
'ಒಳ್ಳೆ ಸಂಬಂಧಿಕರು.'

ದೊಡ್ಡ ಗಾಲಿಗೆ ಅರವತ್ತೊಂದು ಹಲ್ಲು, ಚಿಕ್ಕದಕ್ಕೆ ಮೂವತ್ತು.
ಅರವತ್ತಿದ್ದರೆ ಲೆಕ್ಕ ಸಲೀಸು. ಆದರೆ
ಪ್ರತಿ ಸುತ್ತಿಗೂ ಅದಕ್ಕದೇ ಜೋಡಿ;
ಗಂಟು ಬಿದ್ದ ಒಂದು ಹಲ್ಲು ತನ್ನೆದುರಿನದನ್ನೇ
ಕಚ್ಚಿ ಕಚ್ಚಿ ಮುಗಿಸುತ್ತದೆ.
ಹೆಚ್ಚಿನ ಆ ಒಂದು, ಎಲ್ಲರನ್ನೂ ಒಂದೊಂದು ಮನೆ ಸರಿಸುತ್ತದೆ.
ಅದೇ ಮುಖ ಮತ್ತೆ ಸಿಗಬೇಕಾದರೆ
ದೊಡ್ಡದು ಮೂವತ್ತು ಸಲ ತಿರುಗಬೇಕು.
ಅಷ್ಟರಲ್ಲಿ ಸಿಟ್ಟು ಹಂಚಿಹೋಗಿರುತ್ತದೆ.

ಹಲ್ಲಿಗೆ ಕೊಬ್ಬಲ್ಲ, ಜೇನುಮೇಣ.
ಕಾಲುವೆಯಾಚೆಯ ತಂಗಿ ಹಿಲ್ಟ್ಯೆಯ ಗೂಡುಗಳದ್ದು.
ಹನ್ನೊಂದು ವರ್ಷವಾಯಿತಂತೆ ಇಬ್ಬರ ಮಾತು ನಿಂತು.
ಎಂಥ ತಿಕ್ಕಾಟವೋ, ನಾನು ಕೇಳಿಲ್ಲ.
ಸೆಪ್ಟೆಂಬರಿನಲ್ಲೊಂದು ಬೆಳಿಗ್ಗೆ
ಹೊಸ್ತಿಲ ಮೇಲೆ ಮೇಣದುಂಡೆ, ಬಿಲ್ ಸಮೇತ.
ಬೌಕ್ಯೆ ಹಣ ಎಣಿಸಿ ಲಕೋಟೆಗೆ ತುಂಬುತ್ತಾಳೆ,
ಅಂಟಿಸುವ ಮುಂಚೆ ಒಂದು ಯೂರೋ
ಹೊರತೆಗೆದು ಡಬ್ಬಿಗೆ ಹಾಕುತ್ತಾಳೆ.
ಮರುವರ್ಷದ ಬಿಲ್ಲಿನ ಮೊದಲ ಸಾಲು:
ಹಳೇ ಬಾಕಿ, ಒಂದು.

ಇವತ್ತು ಹದಿನೇಳನೆಯ ಹಲ್ಲು ಕಿತ್ತೆವು.
ಅವಳಪ್ಪ ಕೂರಿಸಿದ ಗಟ್ಟಿ ಮರ,
ಒಂದು ಕೆನ್ನೆ ಸವೆದು ಚಮಚದಂತೆ ಒಳಗೆ ಬಿದ್ದಿದೆ.
ಹೊಸದನ್ನು ಬಡಿದು ಕೂರಿಸಿ, ಮೇಣ ತಿಕ್ಕಿ,
ಹಳೆಯದನ್ನು ನಾನು ಕೋಟಿನ ಜೇಬಿಗಿಳಿಸುವಷ್ಟರಲ್ಲಿ
ಕಸಿದು ಒಲೆಗೆ ಹಾಕಿದಳು.

ಐವತ್ತು ವರ್ಷ ಕುಡಿದ ಮೇಣ.
ಮೊದಲು ಚಟಪಟ, ಆಮೇಲೆ
ಕೋಣೆಯ ತುಂಬ ಜೇನಿನ ವಾಸನೆ.
ಹೊರಗೆ ಹೆಪ್ಪುಗಟ್ಟುವ ಚಳಿ.
ಗಾಳಿ ಯಾವ ಕಡೆಗಿದೆ ಎಂದು ಒಮ್ಮೆ ನೋಡಿ
ಕಾಲುವೆಯ ಕಡೆಯ ಕಿಟಕಿ ತೆರೆದಳು.